ಮೂದೇವಿ ಅಂದರೆ ಎತ್ತಿಕೋ

ವಿಮಲಮ್ಮನ ಬಾಯಲ್ಲಿ ಒಳ್ಳೆಯ ಮಾತು ಬರುತ್ತಿದ್ದುದು ಕೆಟ್ಟ ವಸ್ತುಗಳ ಬಗ್ಗೆ ಮಾತ್ರ. ಹುಳಿ ಬಂದ ಮಜ್ಜಿಗೆ ಕುಡಿದು "ಚೆನ್ನಾಗದೆ ಬುಡಿ" ಎನ್ನುತ್ತಿದ್ದರು. ಸೋರುವ ಕೊಡವನ್ನು "ಪಾಪ, ಇನ್ನೂ ಅರ್ಧ ನೀರು ಇಡ್ಕತದೆ" ಎಂದು ವಹಿಸಿಕೊಂಡು ಮಾತಾಡುತ್ತಿದ್ದರು. ಆದರೆ ಪಕ್ಕದ ಮನೆಯ ಹಸು ಹೊಳೆಯುವಂಥ ಕರು ಹಾಕಿದರೆ "ಥೂ, ಎಂಥ ದರಿದ್ರದ್ದು, ಕಾಲು ಸೊಟ್ಟ" ಎಂದು ಅದರ ಬೆನ್ನು ಸವರುತ್ತಿದ್ದರು. ವಸ್ತು ಚೆನ್ನಾಗಿದ್ದಷ್ಟೂ ಬೈಗುಳ ಜೋರು. ಅವರಿಗೆ ಯಾರ ಮೇಲೆ ಎಷ್ಟು ಪ್ರೀತಿ ಎಂದು ತಿಳಿಯಬೇಕಾದರೆ ಎಷ್ಟು ಬೈದರು ಎಂದು ಕೇಳಿಕೊಂಡರೆ ಸಾಕಿತ್ತು.

ಇದು ನನಗೆ ಗೊತ್ತಿತ್ತು. ಮೊದಲೇ ಹೇಳಿಬಿಡುತ್ತೇನೆ, ಗೊತ್ತಿತ್ತು. ನಾನು ಗಾವಡಗೆರೆಯವನು, ಹೆಸರು ವಿರೂಪಾಕ್ಷ, ಹುಣಸೂರಿನ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಮೇಷ್ಟ್ರು. ನಮ್ಮಜ್ಜಿ ಪುಟ್ಟಮಾದಮ್ಮ ನನ್ನನ್ನು ಹತ್ತು ವರ್ಷದವರೆಗೆ 'ಕರಿ ಮುಸುಡಿ' ಎಂದೇ ಕರೆದದ್ದು. ಯಾರಾದರೂ "ಹುಡುಗ ಗುಂಡಗವ್ನೆ" ಅಂದರೆ ಸಾಕು, "ಎಲ್ಲಿ ಗುಂಡಗವ್ನೆ, ಹೊಟ್ಟೆ ತುಂಬಾ ಜಂತುಹುಳ" ಎಂದು ನನ್ನನ್ನು ಸೆರಗಿನ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಹೊಗಳಿದ ಕಣ್ಣಿಗೆ ಅಡ್ಡ ಹಿಡಿಯುವ ಮಾತು ಅದು. ನಮ್ಮ ಕಡೆ ಮಗುವನ್ನು ಕಾಪಾಡುವುದು ಹಾಗೆಯೇ. ಇಷ್ಟೆಲ್ಲ ಗೊತ್ತಿದ್ದವನು ನಾನು ಒಂದು ದಿನ ಅರ್ಧ ಗಂಟೆ ಎಲ್ಲವನ್ನೂ ಮರೆತೆ.

ವಿಮಲಮ್ಮ ಹುಟ್ಟಿದ್ದು ಬೀಚನಹಳ್ಳಿಯಲ್ಲಿ. ಅಪ್ಪ ನೀರುಗಂಟಿ, ಕಾಲುವೆಯ ತೂಬು ತೆಗೆದು ಹಾಕಿ ಹೊಲಗಳಿಗೆ ಸರದಿಯಂತೆ ನೀರು ಬಿಡುವ ಕೆಲಸ. ಹತ್ತೊಂಬತ್ತಕ್ಕೆ ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪಿನ ಬೇಸಾಯಗಾರ ಕರಿಯಪ್ಪನಿಗೆ ಕೊಟ್ಟರು. ಮರುವರ್ಷ ಹೆಣ್ಣು ಮಗು. ಆ ಮಗುವಿನ ಬಗ್ಗೆ ಅವರು ನನ್ನ ಹತ್ತಿರ ಮಾತಾಡಿದ್ದು ಒಂದೇ ಸಲ. ಸೊಪ್ಪು ಬೇಯಿಸುವ ಬ್ಯಾರನ್ನಿನ ಮುಂದೆ ಚಾಪೆ ಹಾಕಿ ಮಲಗಿಸಿದ್ದರಂತೆ. ಸೊಪ್ಪು ನೋಡಲು ಬಂದವನೊಬ್ಬ ಬಗ್ಗಿ, ಕೆನ್ನೆ ಹಿಂಡಿ, "ಎಂಥ ಗೊಂಬೆ ಕಣಮ್ಮ, ಇಂಥದ್ದನ್ನ ನಾನು ನೋಡೇ ಇಲ್ಲ" ಅಂದನಂತೆ. ಇಪ್ಪತ್ತರ ಹುಡುಗಿ, ಖುಷಿಯಾಗಿ ನಕ್ಕುಬಿಟ್ಟರು.

"ಒಂದ್ ಬೈಗುಳ ಬಾಯಿಗ್ ಬರ್ಲಿಲ್ಲ ಕಣ್ರೀ ಮೇಷ್ಟ್ರೇ. ಅಲ್ಲು ಕಿರ್ಕಂಡ್ ನಿಂತ್ಕಂಡೆ," ಎಂದರು. ಮೂರನೆಯ ದಿನ ಜ್ವರ, ಐದನೆಯ ದಿನ ಮಗು ಇಲ್ಲ. ಡಾಕ್ಟರು ಏನೋ ಹೆಸರು ಹೇಳಿದರಂತೆ. ವಿಮಲಮ್ಮ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಮಗುವನ್ನು ಕೊಂದದ್ದು ತನ್ನ ನಗು ಎಂದು ಅವತ್ತೇ ತೀರ್ಮಾನ ಮಾಡಿಕೊಂಡಿದ್ದರು.

ಆಮೇಲೆ ಬಸಿರು ನಿಲ್ಲಲಿಲ್ಲ. ಕರಿಯಪ್ಪ ಇನ್ನೊಬ್ಬಳನ್ನು ತಂದ. ವಿಮಲಮ್ಮ ಜಗಳವಾಡಲಿಲ್ಲ, ಟ್ರಂಕು ಹಿಡಿದು ಹುಣಸೂರಿಗೆ ಬಂದರು. ಅಲ್ಲಿ ಇಲ್ಲಿ ಮನೆಗೆಲಸ ಮಾಡಿ, ಕೊನೆಗೆ ಊರ ಹೊರಗಿನ ದತ್ತು ಕೇಂದ್ರದಲ್ಲಿ ಆಯಾ ಆದರು. ಬಿಟ್ಟುಹೋದ ಮಕ್ಕಳನ್ನು ಆರು ವರ್ಷ ತುಂಬುವವರೆಗೆ ಸಾಕಿ, ದತ್ತು ಕೇಳಿಕೊಂಡು ಬಂದವರಿಗೆ ಕಾನೂನಿನಂತೆ ಕೊಡುವ ಜಾಗ ಅದು. ಅಧೀಕ್ಷಕಿ ಪುಷ್ಪಾ ಮೇಡಂ ನನಗೆ ಪರಿಚಯ. ಇಂಗ್ಲಿಷಿನಲ್ಲಿ ಪತ್ರ ಬರೆಯಬೇಕಾದಾಗ ನನಗೆ ಹೇಳಿ ಕಳಿಸುತ್ತಿದ್ದರು. ನಾನು ಅಲ್ಲಿಗೆ ಹೋಗಿ ಬರುವುದು ಹಾಗೆ ಶುರುವಾಯಿತು.

ಅನುಶ್ರೀ ಅಲ್ಲಿಗೆ ಬಂದದ್ದು ಒಂಬತ್ತು ದಿನದ ಕೂಸಾಗಿ. ಎಚ್.ಡಿ. ಕೋಟೆಯಿಂದ ಬಂದ ಬಸ್ಸಿನ ಹಿಂದಿನ ಸೀಟಿನಲ್ಲಿ, ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಇಟ್ಟು ಹೋಗಿದ್ದರು. ವರ್ಷವಾಗುವ ಹೊತ್ತಿಗೆ ಕಾಲು ಕತ್ತರಿಯಂತೆ ಒಂದರ ಮೇಲೊಂದು ಬಿಗಿದುಕೊಳ್ಳುವುದು ಕಂಡಿತು. ಹುಟ್ಟುವಾಗ ಮೆದುಳಿಗೆ ಉಸಿರು ಸಾಲದೆ ಹೀಗಾಗಿದೆ, ಬುದ್ಧಿಗೆ ಏನೂ ಆಗಿಲ್ಲ, ಆಪರೇಷನ್ ಮಾಡಿಸಿ ವರ್ಷಗಟ್ಟಲೆ ವ್ಯಾಯಾಮ ಮಾಡಿಸಿದರೆ ನಡೆದಾಳು ಎಂದು ಡಾಕ್ಟರು ಬರೆದರು. ಮಾತೂ ತಡ, ಅರ್ಧಂಬರ್ಧ ನಾಲ್ಕೈದು ಶಬ್ದ ಅಷ್ಟೇ.

ದತ್ತು ಕೇಳಿಕೊಂಡು ನಮ್ಮವರು ಬಾರದೆ ಇರಲಿಲ್ಲ. ಬಂದವರು ಬಣ್ಣ ನೋಡುತ್ತಿದ್ದರು, ಮೂಗು ನೋಡುತ್ತಿದ್ದರು. ಕಾಲು ನೋಡಿದ ಮೇಲೆ ಕಾಫಿ ಕುಡಿದು ಹೋಗುತ್ತಿದ್ದರು. ಒಬ್ಬಾಕೆಯಂತೂ "ಇದನ್ನ ಯಾಕೆ ತೋರಿಸಿದ್ರಿ, ಮನಸ್ಸಿಗೆ ಒಂಥರಾ ಆಯ್ತು" ಎಂದು ಪುಷ್ಪಾ ಮೇಡಂಗೆ ದಬಾಯಿಸಿ ಹೋದಳು. ಮಗುವನ್ನಲ್ಲ, ತರಕಾರಿ ಆರಿಸಲು ಬಂದಿದ್ದರು ಎಂದು ನನಗೆ ಇವತ್ತಿಗೂ ಸಿಟ್ಟಿದೆ. ಹಾಗೆ ಸಿಟ್ಟು ಮಾಡಿಕೊಳ್ಳುವ ಯೋಗ್ಯತೆ ನನಗಿಲ್ಲ ಎನ್ನುವುದು ಬೇರೆ ವಿಷಯ.

ವಿಮಲಮ್ಮ ಆ ಕೂಸಿಗೆ 'ಮೂದೇವಿ' ಎಂದು ಹೆಸರಿಟ್ಟರು. ಲಕ್ಷ್ಮಿಯ ಅಕ್ಕ, ಕಾಲಿಟ್ಟ ಮನೆಯನ್ನು ಹಾಳು ಮಾಡುವ ದೇವತೆ. ನಮ್ಮ ಕಡೆ ಸೋಮಾರಿಗೂ ಅದೇ ಬೈಗುಳ, ಶನಿ ಹಿಡಿದವರಿಗೂ ಅದೇ. ಬೆಳಿಗ್ಗೆ ಹರಳೆಣ್ಣೆ ಬಿಸಿ ಮಾಡಿಕೊಂಡು ಬಂದು, "ಬಾ ಮೂದೇವಿ" ಎಂದು ಎತ್ತಿಕೊಂಡು, ತೊಡೆಯ ಮೇಲೆ ಮಲಗಿಸಿ ಕಾಲು ನೀವುತ್ತಿದ್ದರು. ಉಣ್ಣಿಸುವಾಗ "ಬಾ ಮೂದೇವಿ", ತೊಳೆಯುವಾಗ "ಬಾ ಮೂದೇವಿ", ಅತ್ತರೆ "ಬಾರೇ ನಮ್ಮೂದೇವಿ". ದಿನಕ್ಕೆ ಇಪ್ಪತ್ತು ಸಲ ಎತ್ತಿಕೊಂಡರೆ ಇಪ್ಪತ್ತು ಸಲ ಆ ಮಾತು. ಕೊನೆಗೊಂದು ದಿನ, ಮೂರು ವರ್ಷ ದಾಟಿದ ಮೇಲೆ, ಅನುಶ್ರೀ ಎರಡೂ ಕೈ ಮೇಲೆತ್ತಿ ಸ್ಪಷ್ಟವಾಗಿ "ಮೂದೇವಿ" ಎಂದಳು. ಅದು ಅವಳ ಮೊದಲ ಪೂರ್ತಿ ಮಾತು. ಅವಳ ಲೆಕ್ಕದಲ್ಲಿ ಮೂದೇವಿ ಅಂದರೆ ಎತ್ತಿಕೋ.

ಅವತ್ತು ಕೇಂದ್ರದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ಅಲ್ಲಿದ್ದೆ. ವಿಮಲಮ್ಮ ಕಣ್ಣೊರೆಸಿಕೊಂಡು, "ನನ್ನೇ ಬೈತದಲ್ಲ ಈ ಸನಿ" ಎಂದು ಎತ್ತಿಕೊಂಡರು.

ಮೂರು ಗಾಲಿಯ ಮರದ ತಳ್ಳುಗಾಡಿಯೊಂದನ್ನು ವಿಮಲಮ್ಮ ಎಲ್ಲಿಂದಲೋ ತಂದರು. ಅದರ ಹಿಡಿಗೆ ಹಳೇ ಬಟ್ಟೆ ಸುತ್ತಿ, ಮಗುವಿನ ಸೊಂಟವನ್ನು ತಮ್ಮ ಎರಡು ಮೊಣಕಾಲುಗಳ ನಡುವೆ ಹಿಡಿದು, ವರಾಂಡದಲ್ಲಿ ದಿನವೂ ಒಂದು ತಾಸು ನಿಲ್ಲಿಸುತ್ತಿದ್ದರು. ಒಂದೂವರೆ ವರ್ಷ ಬೇಕಾಯಿತು. ನಾಲ್ಕು ಮುಗಿದು ಎಂಟು ತಿಂಗಳಾದಾಗ ಅನುಶ್ರೀ ಗಾಡಿ ಹಿಡಿದು ತಾನಾಗಿ ನಾಲ್ಕು ಹೆಜ್ಜೆ ಇಟ್ಟಳು. ಐದನೆಯದಕ್ಕೆ ಬೀಳುತ್ತಿದ್ದಳು. ಆದರೆ ನಾಲ್ಕು, ದಿನವೂ ನಾಲ್ಕು.

ಅದೇ ಹೊತ್ತಿಗೆ ಇಟಲಿಯ ದಂಪತಿ ಅವಳ ಫೈಲು ಆರಿಸಿಕೊಂಡರು. ಗಂಡ ಪಾವ್ಲೊ ಮರಗೆಲಸದವನು, ಹೆಂಡತಿ ಕಿಯಾರಾ ಶಾಲೆಯಲ್ಲಿ ಅಡುಗೆ ಮಾಡುವಾಕೆ. ಕಾಲಿನ ವಿಷಯ ಪೂರ್ತಿ ತಿಳಿದೇ ಆರಿಸಿಕೊಂಡಿದ್ದರು. ಒಪ್ಪಿಗೆ ಕೊಡುವ ಮೊದಲು ಮಗುವನ್ನು, ಮಗುವನ್ನು ಸಾಕಿದವರನ್ನು ಒಮ್ಮೆ ವಿಡಿಯೋದಲ್ಲಿ ನೋಡಬೇಕು ಎಂದು ಕೇಳಿದರು. ಆ ಕಡೆ ಇಂಗ್ಲಿಷನ್ನು ಇಟಾಲಿಯನ್‌ಗೆ ಮಾಡುವ ಹೆಂಗಸೊಬ್ಬಳಿದ್ದಳು. ಈ ಕಡೆ ಕನ್ನಡವನ್ನು ಇಂಗ್ಲಿಷಿಗೆ ಮಾಡಲು ನಾನು.

ವಿಡಿಯೋಗೆ ಮೊದಲು ಪುಷ್ಪಾ ಮೇಡಂ ನನಗೊಂದು ಮಾತು ಹೇಳಿದರು. ಹಿಂದೆ ಇನ್ನೊಂದು ಮಗುವಿನ ವಿಷಯದಲ್ಲಿ ಯಾರೋ ಸಿಹಿ ಸೇರಿಸಿ ಅನುವಾದ ಮಾಡಿ ಆಮೇಲೆ ತಕರಾರಾಗಿತ್ತಂತೆ. "ಸರ್, ಒಂದಕ್ಷರ ಸೇರಿಸೋದು ಬೇಡ, ಒಂದಕ್ಷರ ಬಿಡೋದೂ ಬೇಡ." ನನಗೆ ಆ ಮಾತು ಬಹಳ ಹಿಡಿಸಿತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ಹೊರದೇಶದವರ ಮುಂದೆ ನನ್ನ ಇಂಗ್ಲಿಷ್ ಹೇಗಿದೆ ಎಂದು ತೋರಿಸುವ ಚಪಲವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಎಲ್ಲ ಚೆನ್ನಾಗಿಯೇ ನಡೆಯಿತು. ಪಾವ್ಲೊ ತನ್ನ ಮನೆಯ ಬಾಗಿಲಿಗೆ ಫೋನು ತಿರುಗಿಸಿ, ಮೆಟ್ಟಿಲು ಕಿತ್ತು ತಾನೇ ಮಾಡಿದ ಮರದ ಇಳಿಜಾರು ತೋರಿಸಿದ. ಕಿಯಾರಾ ಕನ್ನಡದಲ್ಲಿ "ನಮಸ್ಕಾರ ಅನುಶ್ರೀ" ಎಂದಳು, ಕಾಗದ ನೋಡಿಕೊಂಡು. ಆಮೇಲೆ ವಿಮಲಮ್ಮ ಗಾಡಿ ತಂದು ನಿಲ್ಲಿಸಿ ಪಕ್ಕಕ್ಕೆ ಸರಿದರು. ಅನುಶ್ರೀ ತುಟಿ ಕಚ್ಚಿಕೊಂಡು ನಡೆದಳು. ಒಂದು, ಎರಡು, ಮೂರು, ನಾಲ್ಕು. ಅವತ್ತು ಐದನೆಯದನ್ನೂ ಇಟ್ಟಳು.

ಪರದೆಯ ಮೇಲೆ ಗಂಡ ಹೆಂಡತಿ ಇಬ್ಬರೂ ಅಳತೊಡಗಿದರು. ಬೆಕ್ಕಿನ ಕಣ್ಣಿನ ಆ ದೊಡ್ಡ ಗಂಡಸು ಮುಖ ಮುಚ್ಚಿಕೊಂಡು ಅತ್ತ. ಅತ್ತು ಮುಗಿಸಿ, ಇಬ್ಬರೂ ಒಟ್ಟಿಗೆ ಶುರು ಮಾಡಿದರು. ಎಷ್ಟು ಸುಂದರವಾದ ಮಗು, ಎಷ್ಟು ಜಾಣೆ, ಎಂಥ ಗಟ್ಟಿಗಿತ್ತಿ, ಇವಳು ಓಡುತ್ತಾಳೆ ನೋಡಿ, ಇಂಥ ಮಗುವನ್ನು ನಾವು ಕಂಡೇ ಇಲ್ಲ. ಒಂದೊಂದೂ ಇಟಾಲಿಯನ್ನಿನಿಂದ ಇಂಗ್ಲಿಷಿಗೆ ಬಂತು, ನಾನು ಒಂದೊಂದನ್ನೂ ಅಕ್ಷರ ಬಿಡದೆ ಕನ್ನಡ ಮಾಡಿ ವಿಮಲಮ್ಮನ ಮುಂದೆ ಸುರಿದೆ.

ವಿಮಲಮ್ಮನ ಮುಖ ಬಿಳಿಚಿಕೊಂಡಿತು. ಸರಸರ ಹೋಗಿ ಮಗುವನ್ನು ಎತ್ತಿ ಸೆರಗು ಮುಚ್ಚಿದರು. ಫೋನಿನ ಕಡೆ ತಿರುಗಿ ಗದರುವ ದನಿಯಲ್ಲಿ ಹೇಳಿದರು.

"ಏನ್ ಚೆಂದ ಬುಡಿ. ಮೂದೇವಿ ಇದು. ದಿನಾ ಬೀಳ್ತದೆ, ತಿಂದಿದ್ದೆಲ್ಲಾ ಕಕ್ತದೆ. ಇದೇನು ನಾಕ್ ದಿನ ಉಳಿಯೋ ಕೂಸಾ? ಉಳಿಯಾಕಿಲ್ಲ ಕಣ್ರೀ ಇದು."

ನಾನು ಅನುವಾದ ಮಾಡಿದೆ. ಒಂದಕ್ಷರ ಬಿಡಲಿಲ್ಲ. ಮೂದೇವಿಗೆ ಇಂಗ್ಲಿಷಿನಲ್ಲಿ ಏನೆನ್ನಬೇಕು ಎಂದು ಒಂದು ಕ್ಷಣ ಯೋಚಿಸಿ, ಅಪಶಕುನದ ಮಗು ಎಂಬ ಅರ್ಥದ ಒಳ್ಳೆಯ ಶಬ್ದವೊಂದು ಹೊಳೆದು, ಅದನ್ನು ಇಟ್ಟೆ. ಆ ಕಡೆಯ ಹೆಂಗಸು ತಡೆದಳು. ಇನ್ನೊಮ್ಮೆ ಹೇಳುತ್ತೀರಾ, ಮಗು ಬದುಕುವುದಿಲ್ಲ ಎಂದೇ ಹೇಳಿದರಾ, ಎಂದು ಕೇಳಿದಳು.

ಅಲ್ಲಿ ನನಗೊಂದು ಅವಕಾಶವಿತ್ತು. ದೇವರು ಬಾಗಿಲು ತೆರೆದು ನಿಂತು ಕೇಳಿದ ಹಾಗೆ ಕೇಳಿದ್ದಳು ಆಕೆ. ನಾನು, "ಹೌದು, ಹಾಗೆಯೇ ಹೇಳಿದರು," ಎಂದೆ.

ಪರದೆಯಲ್ಲಿ ಕಿಯಾರಾ ಗಂಡನ ತೋಳು ಹಿಡಿದುಕೊಂಡಳು. ಸ್ವಲ್ಪ ಹೊತ್ತಿಗೆ ಧನ್ಯವಾದ ಹೇಳಿ ಮುಗಿಸಿದರು. ನೆಟ್‌ವರ್ಕ್ ಚೆನ್ನಾಗಿರಲಿಲ್ಲ, ಅದಕ್ಕೇ ಬೇಗ ಮುಗಿಸಿದರು ಎಂದುಕೊಂಡೆವು.

ಕಾಫಿ ಲೋಟ ಹಿಡಿದು ಹೊರಗೆ ಬಂದಾಗ ವರಾಂಡದ ಮೂಲೆಯಲ್ಲಿ ವಿಮಲಮ್ಮ ಉಪ್ಪು ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಮಗುವಿಗೆ ನಿವಾಳಿಸುತ್ತಿದ್ದರು. ಕೆಂಡಕ್ಕೆ ಹಾಕಿ, ಮಗುವಿನ ತಲೆ ಸವರಿ, ತಮ್ಮ ಹಣೆಯ ಎರಡೂ ಬದಿಗೆ ಬೆರಳೊತ್ತಿ ಪಟಪಟನೆ ನೆಟಿಗೆ ಮುರಿದರು. ನನ್ನನ್ನು ಕಂಡು ನಿಟ್ಟುಸಿರು ಬಿಟ್ಟರು.

"ಅಬ್ಬಾ, ಅಷ್ಟೊಂದ್ ಒಗಳ್ಬುಟ್ರಲ್ಲ ಮೇಷ್ಟ್ರೇ! ನನ್ ಎದೆ ಒಡ್ದೋಯ್ತು. ಸದ್ಯ, ಈ ಸಲ ಬೈದು ತಡೆದೆ."

ಲೋಟ ನನ್ನ ಕೈಯಲ್ಲೇ ಉಳಿಯಿತು. ನಮ್ಮಜ್ಜಿಯ ಸೆರಗು, ಜಂತುಹುಳ, ಕರಿ ಮುಸುಡಿ, ಎಲ್ಲ ಆವಾಗ ನೆನಪಿಗೆ ಬಂತು. ಕೆಟ್ಟ ಮೇಲೆ ಬುದ್ಧಿ ಬಂತು ಅಂತಾರಲ್ಲ, ಹಾಗೆ.

ಆ ಸಂಜೆಯೇ ಕೂತು ಎರಡು ಪುಟ ಬರೆದೆ. ನಮ್ಮ ಕಡೆ ದೃಷ್ಟಿ ಎಂದರೇನು, ಪ್ರೀತಿಯ ಮಗುವನ್ನು ಯಾಕೆ ಬೈಯುತ್ತಾರೆ, ಆಕೆ ಹೇಳಿದ್ದರ ಅರ್ಥ 'ಇವಳು ನೂರು ವರ್ಷ ಬಾಳಲಿ' ಎಂದು. ಪುಷ್ಪಾ ಮೇಡಂ ಡಾಕ್ಟರಿಂದ ಹೊಸದಾಗಿ ಬರೆಸಿ ಅದನ್ನೂ ಕಳಿಸಿದರು. ಇನ್ನೊಂದು ವಿಡಿಯೋಗೆ ಬೇಡಿಕೊಂಡೆವು. ಅವರ ಸಂಸ್ಥೆಯಿಂದ ಚುಟುಕಾದ ಉತ್ತರ ಬಂತು. ದಿನವೂ ಸಾಕುವಾಕೆ ಬದುಕುವುದಿಲ್ಲ ಎನ್ನುತ್ತಾಳೆ, ನೀವು ಕಾಗದದಲ್ಲಿ ಬದುಕುತ್ತದೆ ಎನ್ನುತ್ತೀರಿ, ನಾವು ಯಾವುದನ್ನು ನಂಬಬೇಕು? ಒಪ್ಪಿಗೆ ತಿಳಿಸಲು ಉಳಿದಿದ್ದುದು ಆರು ದಿನ. ಆರೂ ಕಳೆದವು. ಅನುಶ್ರೀಯ ಫೈಲು ವಾಪಸು ಬಂತು.

ಅದಾದ ಮೇಲೆ ಕಿಯಾರಾಳ ಸ್ವಂತ ಪತ್ರ ಬಂತು, ತಪ್ಪುತಪ್ಪಾದ ಇಂಗ್ಲಿಷಿನಲ್ಲಿ. ನಿಮ್ಮ ಪತ್ರ ನನಗೆ ಅರ್ಥವಾಯಿತು ಎಂದು ಬರೆದಿದ್ದಳು. ನನ್ನ ಅಜ್ಜಿಯೂ ಹೀಗೇ ಇದ್ದಳು, ಯಾರಾದರೂ ನನ್ನನ್ನು ಹೊಗಳಿದರೆ 'ಕುರೂಪಿ' ಎಂದು ಬೈದು ನೆಲಕ್ಕೆ ಉಗುಳುತ್ತಿದ್ದಳು. ಆದರೆ ನಾವು ಒಂದು ಮಗುವನ್ನು ಮಣ್ಣು ಮಾಡಿದ್ದೇವೆ. ಪಾವ್ಲೊ ಕಾಲಿಗೆ ಹೆದರಲಿಲ್ಲ, ಯಾವುದಕ್ಕೂ ಹೆದರುತ್ತಿರಲಿಲ್ಲ. ಆ ಒಂದು ಮಾತು ಕೇಳಿದ ಮೇಲೆ ಅವನಿಗೆ ಆಗುತ್ತಿಲ್ಲ. ಅವನನ್ನು ಕ್ಷಮಿಸಿ. ಮಗುವನ್ನು ಸಾಕಿದ ಆಕೆಗೆ ಏನೂ ಹೇಳಬೇಡಿ.

ಹೇಳದೆ ಇರಬಹುದಿತ್ತು. ಆದರೆ ವಿಮಲಮ್ಮ ದಿನವೂ ಕೇಳುತ್ತಿದ್ದರು. "ಯಾವಾಗ್ ಬತ್ತಾರೆ? ಕೂಸಿಗೊಂದು ಸ್ವೆಟರ್ ಎಣೀತಾ ಇವ್ನಿ, ಅಲ್ಲಿ ಚಳಿ ಅಂತಲ್ಲ." ಎಣೆಯುತ್ತಿದ್ದುದು ಹಳದಿ ಉಲ್ಲನ್, ಒಂದು ತೋಳು ಮುಗಿದಿತ್ತು. ಒಂದು ದಿನ ತಡೆಯಲಾರದೆ ಎಲ್ಲ ಹೇಳಿಬಿಟ್ಟೆ. ತಪ್ಪು ನನ್ನದು, ನಾನು ಬೇರೆ ರೀತಿ ಹೇಳಬೇಕಿತ್ತು ಎಂದು ಎಷ್ಟು ಸಲ ಹೇಳಿದರೂ ಅವರ ಕಿವಿಗೆ ಅದು ಹೋಗಲೇ ಇಲ್ಲ.

"ನೀವ್ ಸುಳ್ಳೇಳ್ಲಿಲ್ವಲ್ಲ ಮೇಷ್ಟ್ರೇ. ನಾ ಅಂದಿದ್ನೇ ಅಂದ್ರಿ," ಎಂದರು. ಸ್ವೆಟರಿನ ಕಡ್ಡಿ ಕೆಳಗಿಟ್ಟು, "ನನ್ ಕೂಸ್ನ ನಕ್ಕು ಕಳ್ಕಂಡೆ. ಇದ್ನ ಬೈದು ಕಳ್ಕಂಡೆ. ಇನ್ಯಂಗಿರ್ಬೇಕು ನಾನು?" ಎಂದು ಕೇಳಿದರು.

ಮರುದಿನ ರಜೆ ಹಾಕಿ ಚಿಕ್ಕದೇವಮ್ಮನ ಬೆಟ್ಟಕ್ಕೆ ಹೋದರು. ಅಲ್ಲಿ ಅಮ್ಮನ ಮುಂದೆ ಪ್ರಮಾಣ ಮಾಡಿ ಬಂದರಂತೆ. ಇನ್ನು ಈ ಬಾಯಿಂದ ಆ ಕೂಸಿನ ಮೇಲೆ ಒಂದೇ ಒಂದು ಕೆಟ್ಟ ಮಾತು ಬಂದರೆ ನನ್ನ ನಾಲಿಗೆ ಬಿದ್ದುಹೋಗಲಿ, ಕೂಸಿಗೊಂದು ಮನೆ ಸಿಗುವವರೆಗೆ ಒಳ್ಳೆಯದನ್ನೇ ಆಡುತ್ತೇನೆ. ಅವತ್ತಿನಿಂದ ಹಾದಿಯಲ್ಲಿ ಸಿಕ್ಕವರಿಗೆಲ್ಲ ಮಗುವನ್ನು ಹೊಗಳತೊಡಗಿದರು. ಹಾಲಿನವನಿಗೆ, ಔಷಧಿ ಅಂಗಡಿಯವನಿಗೆ, ಕೇಂದ್ರಕ್ಕೆ ಬಂದ ಪೇಂಟರಿಗೆ. "ನಮ್ಮ ಅನುಸ್ರೀ ಚಿನ್ನ. ಭಾರಿ ಜಾಣೆ." ಹೇಳುವಾಗ ಬೆವರುತ್ತಿದ್ದರು. ತಮ್ಮ ಮಗುವನ್ನು ತಾವೇ ಬೀದಿಯಲ್ಲಿ ನಿಲ್ಲಿಸಿ ಬಂದ ಹಾಗೆ ಕಣ್ಣು ಹೆದರಿಕೊಂಡಿರುತ್ತಿತ್ತು.

ಅನುಶ್ರೀಗೆ ಇದೊಂದೂ ಅರ್ಥವಾಗಲಿಲ್ಲ. ಕೈಯೆತ್ತಿ "ಮೂದೇವಿ" ಎಂದರೆ ವಿಮಲಮ್ಮ ಅವಳ ಬಾಯಿ ಮುಚ್ಚುತ್ತಿದ್ದರು. "ಅಂಗನ್ಬ್ಯಾಡ ಕಣವ್ವ. ಚಿನ್ನ ಅನ್ನು. ಚಿನ್ನ." ಎತ್ತಿಕೊಳ್ಳುತ್ತಿದ್ದರು, ಮೊದಲಿನಷ್ಟೇ ಸಲ ಎತ್ತಿಕೊಳ್ಳುತ್ತಿದ್ದರು. ಮಗು ಮಾತ್ರ ಅವರ ತುಟಿಯನ್ನೇ ನೋಡುತ್ತಿತ್ತು.

ಆಮೇಲೆ ಯಾರೂ ಬರಲಿಲ್ಲ. ಆರು ತುಂಬಿತು. ನಿಯಮದ ಪ್ರಕಾರ ಅಲ್ಲಿ ಇಟ್ಟುಕೊಳ್ಳುವಂತಿಲ್ಲ. ಇಂಥ ಮಕ್ಕಳಿಗೆ ಜಾಗ ಸಿಕ್ಕಿದ್ದು ಉತ್ತರದ ಕಡೆ, ಬಸ್ಸಿನಲ್ಲಿ ಹನ್ನೆರಡು ಗಂಟೆ ದೂರದ ಒಂದು ನಿಲಯದಲ್ಲಿ. ತಾನೇ ಸಾಕಿಕೊಳ್ಳುತ್ತೇನೆ ಎಂದು ವಿಮಲಮ್ಮ ಅರ್ಜಿ ಕೊಟ್ಟರು. ಐವತ್ತೇಳು ವಯಸ್ಸು, ಒಬ್ಬಂಟಿ, ಬಾಡಿಗೆಯ ಒಂದು ಕೋಣೆ. ಆ ಅರ್ಜಿಯನ್ನೂ ನಾನೇ ಬರೆದದ್ದು, ಈ ಸಲ ಬೇಕಾದ್ದಕ್ಕಿಂತ ಹೆಚ್ಚು ಸಿಹಿ ಸೇರಿಸಿ. ಪ್ರಯೋಜನವಾಗಲಿಲ್ಲ. ಮಗುವನ್ನು ಜೀಪಿಗೆ ಹತ್ತಿಸುವಾಗ ಮರದ ಗಾಡಿಯನ್ನೂ ಜೊತೆಗೆ ಇಟ್ಟರು, ಹಳದಿ ಸ್ವೆಟರನ್ನೂ ತೊಡಿಸಿದರು. ಮೇ ತಿಂಗಳ ಬಿಸಿಲಿತ್ತು.

ಹತ್ತು ತಿಂಗಳು ಓಡಾಡಿ ಪುಷ್ಪಾ ಮೇಡಂ ಒಂದು ಭೇಟಿಗೆ ಅನುಮತಿ ತೆಗೆಸಿಕೊಟ್ಟರು. ವಿಮಲಮ್ಮನ ಜೊತೆ ನಾನೂ ಹೋದೆ. ಹೋಗುವಾಗ ದಾರಿಯುದ್ದಕ್ಕೂ ಅವರು ಒಂದೇ ಮಾತು ಕೇಳುತ್ತಿದ್ದರು, ಈಗ ಎಷ್ಟು ಹೆಜ್ಜೆ ಇಡಬಹುದು ಎಂದು. ಎಂಟು ಇಡಬಹುದು ಎಂದು ನಾನು, ಹತ್ತಾದರೂ ಇಡ್ತದೆ ಎಂದು ಅವರು.

ನಿಲಯ ದೊಡ್ಡದು, ಒಪ್ಪವಾಗಿತ್ತು. ಮೂವತ್ತೈದು ಮಕ್ಕಳಿಗೆ ಮೂವರು ಆಯಾಗಳು. ಯಾರನ್ನು ದೂರುವುದು? ಅನುಶ್ರೀ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕಾಲುಗಳು ಮತ್ತೆ ಕತ್ತರಿಯಂತೆ ಒಂದರ ಮೇಲೊಂದು ಬಿಗಿದುಕೊಂಡಿದ್ದವು. ಮರದ ಗಾಡಿ ಕಾಣಲಿಲ್ಲ, ನಾವು ಕೇಳಲೂ ಇಲ್ಲ.

ಅಲ್ಲಿನ ಆಯಾ ಒಳ್ಳೆಯ ಹೆಂಗಸೇ. ನಮಗೆ ಕುರ್ಚಿ ಹಾಕಿ, ನೀರು ಕೊಟ್ಟು, ಮುಚ್ಚುಮರೆಯಿಲ್ಲದೆ ಹೇಳಿದಳು. "ಕೂಸು ಚಲೋ ಐತ್ರಿ, ಆದ್ರ ಬಾಯಿ ಭಾಳ ಕೆಟ್ಟದ ನೋಡ್ರಿ. ಬಂದ ದಿನದಿಂದ ಹತ್ರ ಹೋದವ್ರಿಗೆಲ್ಲ ಮೂದೇವಿ, ಮೂದೇವಿ ಅಂತ ಬೈತಿತ್ರಿ. ಎರಡೂ ಕೈ ಎತ್ತಿ ಬೈತಿತ್ರಿ! ಯಾರು ಕಲಿಸ್ಯಾರೋ ಏನೋ. ಬಾಯಿ ಮ್ಯಾಲ ಎರಡು ಕೊಟ್ಟು ಕೊಟ್ಟು ಈಗ ಕಡಿಮಿ ಆಗೇತ್ರಿ."

ವಿಮಲಮ್ಮ ಕುರ್ಚಿಯ ಹಿಡಿ ಹಿಡಿದುಕೊಂಡರು. ಹೇಳಬೇಕಾದವನು ನಾನಿದ್ದೆ. ಅದು ಬೈಗುಳವಲ್ಲ ಕಣಮ್ಮ, ಎತ್ತಿಕೋ ಅಂತಿದ್ದಳು ಎಂದು ಹೇಳಿದೆ ಕೂಡ. ಆಯಾ ನನ್ನ ಮುಖ ನೋಡಿದಳು. ಇಪ್ಪತ್ತು ಸಲ ಕೇಳಿದ್ದನ್ನು, ಇಪ್ಪತ್ತು ಸಲ ಹೊಡೆದದ್ದನ್ನು ಒಂದು ಮಾತಿನಲ್ಲಿ ತಿರುಗಿಸಲು ಅವಳಿಗಾದರೂ ಹೇಗಾದೀತು? "ಹೌದೇನ್ರಿ?" ಎಂದು ಸೆರಗು ಬಾಯಿಗಿಟ್ಟುಕೊಂಡಳು.

ಸದ್ದಿಗೆ ಅನುಶ್ರೀ ತಿರುಗಿದಳು. ವಿಮಲಮ್ಮನನ್ನು ಬಹಳ ಹೊತ್ತು ನೋಡಿದಳು. ಕೈಗಳು ನಿಧಾನವಾಗಿ ಮೇಲೆದ್ದವು, ಆಯಾಳ ಕಡೆ ಒಮ್ಮೆ ಹೆದರಿಕೆಯಿಂದ ನೋಡಿ ಅರ್ಧಕ್ಕೇ ನಿಂತವು. ಬಾಯಿ ತೆರೆಯಲಿಲ್ಲ. ತುಟಿ ಮಾತ್ರ ಆ ಮಾತಿನ ಆಕಾರಕ್ಕೆ ಬಂತು.

ವಿಮಲಮ್ಮ ಓಡಿ ಎತ್ತಿಕೊಂಡರು. ಎದೆಗೊತ್ತಿಕೊಂಡು, "ಚಿನ್ನ, ನನ್ ಚಿನ್ನ, ನನ್ ಬಂಗಾರ, ಜಾಣೆ ನನ್ನವ್ವ" ಎಂದು ನಿಲಯಕ್ಕೆಲ್ಲ ಕೇಳುವಂತೆ ಹೇಳಿದರು. ಆಯಾಗೆ, ಅಡುಗೆಯವಳಿಗೆ, ಬಾಗಿಲಲ್ಲಿ ನಿಂತ ಕಾವಲುಗಾರನಿಗೆ ಕೂಗಿ ಕೂಗಿ ಹೇಳಿದರು. ಅನುಶ್ರೀ ಬೆರಳನ್ನು ಅವರ ತುಟಿಯ ಮೇಲಿಟ್ಟು ಕಾಯುತ್ತಿದ್ದಳು. ಒಂದೇ ಒಂದು ಮಾತಿಗೆ ಕಾಯುತ್ತಿದ್ದಳು. ಅನ್ನಿ ವಿಮಲಮ್ಮ, ಒಂದು ಸಲ ಅಂದುಬಿಡಿ ಎಂದು ಮನಸ್ಸಿನಲ್ಲೇ ಕೂಗಿಕೊಂಡೆ.

"ಚಿನ್ನ," ಎಂದರು ವಿಮಲಮ್ಮ.

ಮಗು ಕತ್ತು ತಿರುಗಿಸಿ ಪಕ್ಕದ ಚಾಪೆಯ ಹುಡುಗಿಯನ್ನು ನೋಡಿತು, ಚಿನ್ನ ಅಂದರೆ ಅವಳಿರಬೇಕು ಎಂದುಕೊಂಡು. ಆಮೇಲೆ ಬೆರಳು ತೆಗೆದು ಕೈ ಇಳಿಬಿಟ್ಟಿತು. ಹೊರಡುವವರೆಗೆ ಮತ್ತೆ ಎತ್ತಲಿಲ್ಲ.

ವಾಪಸಾಗುವ ಬಸ್ಸಿನಲ್ಲಿ ಕೊನೆಗೆ ನನಗೆ ತಡೆಯಲಾಗಲಿಲ್ಲ.

"ಅದು ನಿಮ್ಮ ಬಾಯಿಂದ ಮೂದೇವಿ ಅನ್ನಿಸ್ಕೊಳ್ಳೋಕೆ ಕಾಯ್ತಿತ್ತು ವಿಮಲಮ್ಮ."

"ಗೊತ್ತು ಕಣ್ರೀ ಮೇಷ್ಟ್ರೇ," ಎಂದರು, ಕಿಟಕಿಯ ಕಡೆಯೇ ನೋಡುತ್ತ. "ನಂಗೊತ್ತಿಲ್ವಾ? ನಾಲ್ಗೆ ತುದಿಗೇ ಬಂದಿತ್ತು. ಅಮ್ಮನ್ ಆಣೆ ಮುರ್ದು ಅಂದ್ಬುಟ್ಟು, ನಾಳೆ ಇನ್ನೊಂದ್ಕಿತ ಯಾರಾರ ನೋಡಾಕೆ ಬಂದಾಗ, ಅದೂ ತಪ್ಪೋದ್ರೆ? ನಂಗೋಸ್ಕರ ಅಂದ್ಕಬೋದಿತ್ತು. ಅದ್ರ ಬಾಳು ನೋಡ್ಬೇಕಲ್ಲ." ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದರು. "ಬತ್ತಾರೆ ಅಲ್ವಾ ಮೇಷ್ಟ್ರೇ, ಯಾರಾರ?"

ಹೊರಡುವ ಹಿಂದಿನ ದಿನ ಪುಷ್ಪಾ ಮೇಡಂ ನನ್ನೊಬ್ಬನನ್ನೇ ಕರೆದು ಹೇಳಿದ್ದರು. ಎರಡು ವರ್ಷದಿಂದ ಅನುಶ್ರೀಯ ಫೈಲನ್ನು ಯಾರೂ ತೆರೆದು ನೋಡಿಲ್ಲ, ಈ ಕಾಲು, ಈ ವಯಸ್ಸು, ಇನ್ನು ಯಾರೂ ಬರುವುದಿಲ್ಲ ಸರ್, ಆಕೆಗೆ ನೀವೇ ಹೇಗಾದರೂ ತಿಳಿಸಿ ಎಂದು.

"ಬರ್ತಾರೆ ವಿಮಲಮ್ಮ, ಖಂಡಿತ ಬರ್ತಾರೆ," ಎಂದೆ.

ಅವತ್ತು ಆ ಫೋನಿನ ಮುಂದೆ ಹೇಳಬೇಕಾಗಿದ್ದ ಸುಳ್ಳು ಎರಡು ವರ್ಷ ತಡವಾಗಿ ನನ್ನ ಬಾಯಿಗೆ ಬಂತು. ವಿಮಲಮ್ಮ ಅದನ್ನು ನಂಬಿದರು.